ಕೌದಿಯ ಮೂಲೆಯಲ್ಲಿ ಇದ್ದದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕೌದಿಯ ಅಂಚು ಹಸಿರಿತ್ತೋ ನೀಲಿಯಿತ್ತೋ, ನನಗೀಗ ಖಾತ್ರಿಯಿಲ್ಲ. ಯಾರು ಯಾವ ಮಾತನ್ನು ಮೊದಲು ಆಡಿದರು ಎಂಬುದೂ ಅದಲುಬದಲಾಗಿರಬಹುದು. ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ದಿನಚರಿ ಬರೆಯುವ ರೂಢಿ ನನಗಿದೆ. ಆದರೆ ಬೇಕಾದ ದಿನದ ಪುಟ ತೆಗೆದರೆ ಅಲ್ಲಿ ಸೆಕೆ ಎಷ್ಟಿತ್ತು, ಯಾವ ಪಲ್ಯ ಮಾಡಿದೆವು ಎಂದಷ್ಟೇ ಇರುತ್ತದೆ. ಬರೆಯಬೇಕಾದದ್ದನ್ನು ಬಿಟ್ಟು ಉಳಿದದ್ದನ್ನು ಬರೆಯುವವಳ ಮೇಲೆ ನನಗೆ ನಂಬಿಕೆ ಕಡಿಮೆ.

ಈಗ ಬರೆಯುವುದಕ್ಕೆ ಕಾರಣ ಹೋದ ವರ್ಷ ಹಾನಗಲ್ಲಿನಲ್ಲಿ ನಾನು ಮಾಡಿದ ಒಂದು ಭಾಷಣ. ನಾನು ಪಾಠ ಹೇಳುವ ಕಾಲೇಜಿನಲ್ಲಿ ಒಂದು ಸಣ್ಣ ಸಭೆ ಇತ್ತು. ಬೇರೆ ಜನಾಂಗದ, ಬೇರೆ ಮಾತಿನ ಹಿರಿಯರು ಇಳಿವಯಸ್ಸಿನಲ್ಲಿ ಪೇಟೆಗೆ ಬಂದು ಇರಬೇಕಾದಾಗ ಪೇಟೆ ಅವರನ್ನು ಹೇಗೆ ಒಳಗೆ ಕರೆದುಕೊಳ್ಳಬೇಕು ಎಂಬುದು ವಿಷಯ. ನಾನು ಶಿಗ್ಗಾವಿಯಲ್ಲಿ ನನ್ನ ಚಿಗವ್ವನ ಓಣಿಗೆ ಬಂದಿದ್ದ ಒಬ್ಬ ಸಿದ್ದಿ ಮುದುಕಿಯ ಕಥೆ ಹೇಳಿದೆ. ಓಣಿಯ ಹೆಂಗಸರು ಅವಳನ್ನು ಕಟ್ಟೆಗೆ ಕರೆದು ಜೊತೆಗೆ ಕೂರಿಸಿಕೊಂಡು ಕೌದಿ ಹೊಲಿದರು, ಪೇಟೆಗೆ ದೊಡ್ಡ ಯೋಜನೆಗಳೇ ಬೇಕಿಲ್ಲ, ನೆರಳಿರುವ ಒಂದು ಕಟ್ಟೆ ಸಾಕು ಎಂದೆ. ಊರು ಬಿಟ್ಟು ಹೋಗುವ ದಿನ ಅವಳು ಎಲ್ಲರ ಸೂಜಿಗಳಿಗೂ ದಾರ ಪೋಣಿಸಿಟ್ಟು ಹೋದಳು ಎಂದು ಮುಗಿಸಿದೆ. ಮುಂದಿನ ಸಾಲಿನಲ್ಲಿದ್ದ ಒಬ್ಬರು ಕಣ್ಣು ಒರೆಸಿಕೊಂಡರು. ಜೋರಾಗಿ ಚಪ್ಪಾಳೆ ಬಿತ್ತು. ನನಗೆ ಅನುಮಾನ ಶುರುವಾದದ್ದು ಆ ಚಪ್ಪಾಳೆಯಿಂದಲೇ.

ಸೂಜಿಯ ಮಾತು ಸುಳ್ಳು. ಅವಳು ಹೋದ ದಿನ ನಾನು ಅಲ್ಲಿರಲಿಲ್ಲ. ಅದನ್ನು ಎಲ್ಲಿಂದ ತಂದೆನೋ ಗೊತ್ತಿಲ್ಲ. ಅಷ್ಟು ಚಂದದ ಸುಳ್ಳು ಕೊನೆಯಲ್ಲಿ ಬೇಕಾಗಿತ್ತು ಎಂದರೆ ಅದಕ್ಕೆ ಮುಂಚೆ ಮುಚ್ಚಬೇಕಾದದ್ದು ಏನೋ ಇತ್ತು.

ನನ್ನ ತವರು ಸವಣೂರು. ಆದರೆ ಸೂಟಿ ಬಂದರೆ ನಾನು ಇರುತ್ತಿದ್ದದ್ದು ಶಿಗ್ಗಾವಿಯ ಚಿಗವ್ವನ ಮನೆಯಲ್ಲಿ. ಅವಳ ಗಂಡ, ನನ್ನ ಕಾಕಾ, ತೀರಿಕೊಂಡ ಮೇಲೆ ಅವಳು ಹಿತ್ತಲ ಕಡೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಳು. ಅಲ್ಲಿದ್ದವಳು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಸಿದ್ದಿ ಹೆಂಗಸು. ನಸುಕಿನಲ್ಲಿ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ ಅವಳನ್ನು ಓಣಿ ಸರಿಯಾಗಿ ನೋಡಿಯೇ ಇರಲಿಲ್ಲ. ಕೊರೊನಾ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಅವಳು ಯಲ್ಲಾಪುರದ ಆಚೆಯ ಕಾಡಂಚಿನ ಊರಿನಿಂದ ತಾಯಿಯನ್ನು ಕರೆತಂದಳು. ಆಗ ಓಣಿ ನೋಡಿತು. ಗುಂಗುರು ಬಿಳಿಕೂದಲು, ದಪ್ಪ ತುಟಿ, ನಮ್ಮ ಯಾರ ಅಜ್ಜಿಯಂತೆಯೂ ಇಲ್ಲದ ಮುಖ. ಮಗಳು ಆಯಿ ಎನ್ನುತ್ತಿದ್ದಳು, ನಾವೂ ಹಾಗೇ ಕರೆದೆವು. ತಾಯಿ ಮಗಳು ತಮ್ಮೊಳಗೆ ಆಡುತ್ತಿದ್ದದ್ದು ಕೊಂಕಣಿ, ನಮ್ಮೊಂದಿಗೆ ಆಯಿಯದು ಪುಸ್ತಕದಂಥ ಕನ್ನಡ.

ಎದುರುಮನೆಯ ಅಕ್ಕ ಮೊದಲ ದಿನವೇ ವಿಚಾರಣೆಗೆ ನಿಂತಳು.

"ಆಯಿ, ನಿಮ್ಮದು ಯಾವ ದೇಶ್ರೀ?"

"ಯಲ್ಲಾಪುರದ ಕಡೆ."

"ಅಲ್ಲಿಗಿಂತ ಮೊದ್ಲು?"

"ಅದಕ್ಕಿಂತ ಮೊದಲು ನಾನು ಹುಟ್ಟಿರಲಿಲ್ಲ ಮಗಳೇ."

ಎಲ್ಲರೂ ನಕ್ಕರು. ಅಕ್ಕ ಬಿಡಲಿಲ್ಲ. "ಅಲ್ಲಾ, ಯಾವ ದೇವ್ರಿಗೆ ನಡ್ಕೊಂತೀರಿ ಅಂತ?"

"ಹಿರಿಯರಿಗೆ. ಸತ್ತವರೇ ನಮಗೆ ದೇವರು."

ಈ ಸಲ ಯಾರೂ ನಗಲಿಲ್ಲ. ಅದೇ ವಾರ ಚಿಗವ್ವ ಹಿತ್ತಲ ಬಾಗಿಲಿಗೆ ಹೊಸ ಚಿಲಕ ಹಾಕಿಸಿದಳು. ಕೇಳಿದರೆ, "ಹಳೇದು ತುಕ್ಕ ಹಿಡಿದಿತ್ತು" ಎಂದಳು. ಹಿಡಿದಿರಲೂಬಹುದು.

ಮಗಳು ಕೆಲಸಕ್ಕೆ ಹೋದ ಮೇಲೆ ಆಯಿಗೆ ದಿನ ಕಳೆಯುತ್ತಿರಲಿಲ್ಲ. ಓಣಿಯ ತಿರುವಿನವರೆಗೆ ನಡೆದು ಹೋಗಿ, ರಸ್ತೆಯನ್ನು ನೋಡಿ, ತಿರುಗಿ ಬರುತ್ತಿದ್ದಳು. ಆ ತಿರುವಿನಲ್ಲಿ ವಾರ್ಡಿನ ಸಮುದಾಯ ಭವನ ಇದೆ. ಒಳಗಿನ ಕೋಣೆಗೆ ಯಾವಾಗಲೂ ಬೀಗ. ಹೊರಗಿನ ಕಟ್ಟೆಯ ಮೇಲೆ ಮಧ್ಯಾಹ್ನ ಊಟವಾದ ಮೇಲೆ ಹೆಂಗಸರು ಹಳೆಯ ಸೀರೆ, ಅಂಗಿ ಹರವಿಕೊಂಡು ಕೌದಿ ಹೊಲಿಯುತ್ತಿದ್ದರು. ಆಯಿ ಕೊನೆಯ ಮೆಟ್ಟಿಲ ಮೇಲೆ, ಯಾರಿಗೂ ತಾಗದಂತೆ, ತನ್ನದೇ ಅರಿವೆ ತುಂಡು ಇಟ್ಟುಕೊಂಡು ಕೂರತೊಡಗಿದಳು.

ಚಿಗವ್ವ ಅವಳನ್ನು ಕೈಹಿಡಿದು ಮೇಲೆ ಕರೆದಳು ಎಂದು ನಾನು ಸಭೆಯಲ್ಲಿ ಹೇಳಿದ್ದೆ. ಈಗ ಯೋಚಿಸಿದರೆ ಆದದ್ದು ಬೇರೆ. ಆಯಿಗೆ ಕನ್ನಡಕವಿಲ್ಲದೆ ಸೂಜಿಯ ಕಣ್ಣು ಕಾಣುತ್ತಿತ್ತು. ಕಟ್ಟೆಯ ಮೇಲಿನವರಿಗೆ ಕನ್ನಡಕವಿದ್ದೂ ಕಾಣುತ್ತಿರಲಿಲ್ಲ. "ಆಯಿ, ಇದಕ್ಕೊಂದು ದಾರ ಹಾಕಿ ಕೊಡ್ರಿ" ಎಂದು ಒಬ್ಬಳು ಕೆಳಗೆ ಚಾಚಿದಳು, ಆಮೇಲೆ ಇನ್ನೊಬ್ಬಳು. ಪ್ರತಿಸಲ ಕೆಳಗೆ ಬಗ್ಗುವುದು ಸೊಂಟಕ್ಕೆ ಕಷ್ಟವಾಗಿ ಮೇಲೆ ಕರೆದರು. ಕರೆದ ಮೇಲೆ ಬೆನ್ನ ಹಿಂದೆ, "ಈ ವಯಸ್ಸಿನ್ಯಾಗ ಕಣ್ಣು ಇಷ್ಟ ಚಲೋ ಹ್ಯಾಂಗ ಇರ್ತಾವ?" ಎಂದೂ ಮಾತಾಡಿಕೊಂಡರು.

ನಮ್ಮ ಕಡೆ ಕೌದಿ ಮುಗಿಸುವಾಗ ಒಂದು ಪದ್ಧತಿ ಇದೆ. ಕೊನೆಯ ತುಂಡನ್ನು ಮುಚ್ಚಿ ಹೊಲಿಯುವ ಮುಂಚೆ ಒಳಗೆ ಒಂದು ಚೂರು ಜೋಳದ ರೊಟ್ಟಿ ಇಡುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಹೊದ್ದವರ ನಿದ್ದೆ ಕೆಡಿಸುತ್ತದೆ ಎಂದು ಚಿಗವ್ವ ಹೇಳುತ್ತಿದ್ದಳು. ಆಯಿಯ ಕಡೆ ಅದು ಇಲ್ಲ. ಅವರು ಕೌದಿಗೆ ಕವಂದಿ ಎನ್ನುತ್ತಾರೆ. ಅದರ ನಾಲ್ಕೂ ಮೂಲೆಗೆ ಅರಿವೆಯನ್ನು ಪದರಪದರವಾಗಿ ಮುಕ್ಕೋನದಲ್ಲಿ ಮಡಚಿ ದಪ್ಪಗೆ ಕೂರಿಸುತ್ತಾರೆ.

"ಇದೇನ್ರಿ ಆಯಿ, ಮೂಲ್ಯಾಗ ಕಿವಿ ಮಾಡೀರಿ?" ಎಂದಳು ಎದುರುಮನೆಯ ಅಕ್ಕ.

"ಕಿವಿ ಅಲ್ಲ, ಹೂ. ಹೂ ಇಲ್ಲದ ಕವಂದಿ ಬತ್ತಲೆ."

"ಹಂಗಾರ ನಮ್ಮ ಕೌದಿ ಎಲ್ಲಾ ಬತ್ತಲೆ ಅದಾವನ್ರಿ?"

"ಹೊಟ್ಟೆ ತುಂಬಿದೆಯಲ್ಲ ಅವಕ್ಕೆ. ಬತ್ತಲೆ ಇದ್ದರೂ ನಡೆಯುತ್ತದೆ."

ಅವತ್ತು ಚಿಗವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಇಷ್ಟೇ ಆಗಿದ್ದರೆ ನನ್ನ ಭಾಷಣ ನಿಜವಾಗುತ್ತಿತ್ತು. ಆದರೆ ಆಯಿಗೆ ಕಟ್ಟೆಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಒಂದು ಕಾಗದ. ಅವಳ ವೃದ್ಧಾಪ್ಯ ವೇತನ ಹಳೆಯ ಊರಿನ ಅಂಚೆಗೇ ಬರುತ್ತಿತ್ತು. ಪ್ರತಿ ತಿಂಗಳೂ ಶಿಗ್ಗಾವಿಯಿಂದ ತಡಸಕ್ಕೆ, ತಡಸದಿಂದ ಮುಂಡಗೋಡಿಗೆ, ಅಲ್ಲಿಂದ ಮುಂದಕ್ಕೆ ಬಸ್ಸು ಬದಲಿಸಿ ಹೋಗಬೇಕು, ಅಂಚೆಯವನು ಬರುವ ದಿನಕ್ಕಾಗಿ ಕಾಯಬೇಕು. ಮೊಣಕಾಲು ಬಾತು ಬರುತ್ತಿದ್ದಳು. ಅದು ಶಿಗ್ಗಾವಿಗೆ ಬದಲಾಗಬೇಕಾದರೆ ಅವಳು ಇಲ್ಲೇ ವಾಸವಿದ್ದಾಳೆ ಎಂಬ ದಾಖಲೆ ಬೇಕು. ತಾಲೂಕು ಕಚೇರಿಯ ತಲಾಟಿ ಮನೆಗೆ ಬಂದು ನೋಡಿ, ಓಣಿಯವರ ಜೊತೆಗೆ ಮನೆಯ ಮಾಲಕರ ಸಹಿಯನ್ನೂ ಪಡೆಯಬೇಕು. ಮಾಲಕಳು ಚಿಗವ್ವ. ಕಾಗದ ಆಗದಿದ್ದರೆ ಆಯಿ ಕಾಡಂಚಿನ ಊರಿಗೆ ವಾಪಸು ಹೋಗಿ ಮಗಳಿಲ್ಲದೆ ಇರಬೇಕು. ಮಗಳು ಇದನ್ನೆಲ್ಲ ನನ್ನೆದುರಿಗೇ ಚಿಗವ್ವನಿಗೆ ಬಿಡಿಸಿ ಹೇಳಿದಳು.

"ಸಹಿ ಹೌದಿಲ್ಲೋ? ಹಾಕೂಣು ತಗೋ" ಎಂದಳು ಚಿಗವ್ವ. "ನೀವೇನು ನನ್ನ ಮನಿ ಬರದು ಕೊಡು ಅಂದೀರೇನು?"

ಮಗಳು ಆ ಕಡೆ ಹೋದದ್ದೇ ಎದುರುಮನೆಯ ಅಕ್ಕ ಧ್ವನಿ ಇಳಿಸಿದಳು. "ನೋಡವಾ, ಇವತ್ತು ಕಾಗದ ಅಂತಾರ, ನಾಳೆ ಕೋಣಿನೂ ನಮ್ದ ಅಂತಾರ. ಕಾಗದದಾಗ ಹೆಸರು ಕುಂತಮ್ಯಾಗ ಎಬ್ಬಸಾಕ ಬರೂದಿಲ್ಲ."

ನಾನು ಕಲಿತವಳು. ಹಾಗೇನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದೆನೇ? ಹೇಳಿದೆ ಎಂದುಕೊಳ್ಳಲು ಇಷ್ಟವಾಗುತ್ತದೆ. ದಿನಚರಿಯಲ್ಲಿ ಆ ದಿನ ಮಾವಿನಕಾಯಿ ಉಪ್ಪಿನಕಾಯಿಯ ವಿಷಯ ಇದೆ.

ಆ ಬೇಸಿಗೆಯಲ್ಲಿ ಚಿಗವ್ವನ ಮಗಳು, ನನ್ನ ತಂಗಿ, ಹಿರೇಕೆರೂರಿನ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಿದ್ದಳು. ಹೆಣ್ಣುಕೂಸು. ಆಯಿ ಕೂಸಿಗೆಂದು ಸಣ್ಣದೊಂದು ಕೌದಿ ಹೊಲಿದು ತಂದಳು. ನಾಲ್ಕೂ ಮೂಲೆಗೆ ಹೂ. ಚಿಗವ್ವ ಅದನ್ನು ಹಣೆಗೆ ಒತ್ತಿಕೊಂಡು ತೆಗೆದುಕೊಂಡಳು, ಕೂಸನ್ನು ಅದರಲ್ಲೇ ಮಲಗಿಸಿದಳು. ಎಂಟು ಹತ್ತು ದಿನ ಕಳೆದವು. ಆಮೇಲೆ ಕೂಸು ಅಳತೊಡಗಿತು. ಹಾಲು ಕುಡಿಸಿದರೂ ಅಳು, ತೊಟ್ಟಿಲು ತೂಗಿದರೂ ಅಳು.

ಎದುರುಮನೆಯ ಅಕ್ಕ ಬಂದು ನೋಡಿ, ಕೂಸಿನ ಬದಲು ಕೌದಿಯ ಮೇಲೆ ಕೈಯಾಡಿಸಿದಳು. ಚಿಗವ್ವನ ಕೈ ಹಿಡಿದು ಮೂಲೆಯನ್ನು ಮುಟ್ಟಿಸಿದಳು. ಅರಿವೆಯ ಮಡಿಕೆಯ ಒಳಗೆ ಏನೋ ಗಟ್ಟಿಯಾದದ್ದು ಇತ್ತು.

ಅಕ್ಕ ಹೋದ ಮೇಲೆ ಚಿಗವ್ವ ಬಾಗಿಲು ಮುಚ್ಚಿ ನನ್ನನ್ನು ಕರೆದಳು. ಕತ್ತರಿ ನನ್ನದು, ಅದು ನಿಜ. ಕತ್ತರಿಸಿದ ಕೈ ಯಾರದ್ದು ಎಂಬುದು ಮಸುಕು. ಮಡಿಕೆ ಬಿಚ್ಚಿದರೆ ಒಳಗಿನಿಂದ ಉಗುರಿನಷ್ಟು ದೊಡ್ಡ, ಕಂದುಬಣ್ಣದ ಒಂದು ಚೂರು ಬಿತ್ತು. ಎರಡನೆಯ ಮೂಲೆಯಲ್ಲೂ ಅಂಥದ್ದೇ. ಮೂರನೆಯದರಲ್ಲಿ, ನಾಲ್ಕನೆಯದರಲ್ಲೂ.

"ಮುಟ್ಟಬ್ಯಾಡ!"

"ಏನಿದು ಚಿಗವ್ವಾ?"

"ಏನರ ಇರಲಿ. ನಮ್ಮದಲ್ಲ."

ಅವಳು ಅವನ್ನು ಹಳೆಯ ಪೇಪರಿನಲ್ಲಿ ಎತ್ತಿ, ಉಪ್ಪು ಹಾಕಿ, ನೀರೊಲೆಗೆ ಎಸೆದಳು. ಸುಟ್ಟಾಗ ಬಂದದ್ದು ಒಣಗಿದ ಕಟಕು ಜೋಳದ ರೊಟ್ಟಿಯ ವಾಸನೆ. ಈ ವಾಕ್ಯವನ್ನು ಬರೆದು ಮೂರು ಸಲ ಹೊಡೆದು ಹಾಕಿದ್ದೇನೆ. ಆ ವಾಸನೆ ಅವತ್ತೇ ನನ್ನ ಮೂಗಿಗೆ ಬಂದಿತ್ತೇ, ಅಥವಾ ಆಮೇಲೆ ಗೊತ್ತಾದದ್ದನ್ನು ನಾನು ಆ ಒಲೆಗೆ ತಂದು ಹಾಕುತ್ತಿದ್ದೇನೆಯೇ? ಅವತ್ತೇ ಬಂದಿದ್ದರೆ, ತಿಳಿದೂ ಸುಮ್ಮನಿದ್ದೆ. ಬಂದಿರದಿದ್ದರೆ, ಹುಟ್ಟಿದಾಗಿನಿಂದ ತಿಂದ ರೊಟ್ಟಿಯ ಗುರುತು ನನಗೆ ಸಿಗಲಿಲ್ಲ.

ಮರುದಿನ ದವಾಖಾನೆಯಲ್ಲಿ ಕೂಸಿನ ಕಿವಿ ನೋಡಿ, ಒಳಗೆ ಬಾತಿದೆ ಎಂದು ಔಷಧ ಕೊಟ್ಟರು. ಎರಡು ದಿನದಲ್ಲಿ ಅಳು ನಿಂತಿತು. ಚಿಗವ್ವನ ಪ್ರಕಾರ ನಿಂತದ್ದು ಮೂಲೆ ಬಿಚ್ಚಿದ್ದಕ್ಕೆ. ಬಿಚ್ಚಿದ ಮೂಲೆಗಳನ್ನು ಅವಳೇ ಮತ್ತೆ ಹೊಲಿದು, ಕೌದಿಯನ್ನು ಒಗೆದು ಹಿತ್ತಲ ಹಗ್ಗದ ಮೇಲೆ ಹಾಕಿದಳು. ಆಯಿ ತನ್ನ ಕೋಣೆಯಿಂದ ಹೊರಬಂದವಳು ಹಗ್ಗದ ಹತ್ತಿರ ನಿಂತಳು. ಒಂದೊಂದೇ ಮೂಲೆಯನ್ನು ಬೆರಳಲ್ಲಿ ಹಿಚುಕಿ ನೋಡಿದಳು. ಹೂವುಗಳು ಚಪ್ಪಟೆಯಾಗಿದ್ದವು. ನಾನು ಕಿಟಕಿಯಲ್ಲಿದ್ದೆ. ಅವಳು ನನ್ನನ್ನು ನೋಡಿದಳೋ ಇಲ್ಲವೋ. ಮರುದಿನದಿಂದ ಕಟ್ಟೆಗೆ ಬರಲಿಲ್ಲ.

ತಲಾಟಿ ಬಂದದ್ದು ಅದಾದ ವಾರದೊಳಗೆ. ಬರುವ ದಿನ ಮೊದಲೇ ಗೊತ್ತಿತ್ತು. ಮಗಳಿಗೆ ಹಾಸ್ಟೆಲಿನಿಂದ ರಜೆ ಸಿಗಲಿಲ್ಲ. "ಅಕ್ಕಾರ, ನೀವಿರ್ತೀರಲ್ಲ?" ಎಂದು ಹಿಂದಿನ ಸಂಜೆ ಚಿಗವ್ವನನ್ನು ಕೇಳಿ ಹೋಗಿದ್ದಳು. "ನಾ ಎಲ್ಲಿಗೆ ಹೊಕ್ಕೇನಿ?" ಎಂದಿದ್ದಳು ಚಿಗವ್ವ. ತಂಗಿ ಎದುರುಮನೆಯ ಅಕ್ಕನ ಜೊತೆ ಕೂಸಿಗೆ ಲಸಿಕೆ ಹಾಕಿಸಲು ಹೋಗಿದ್ದಳು. ಬೆಳಿಗ್ಗೆ ತಲಾಟಿ ಬಂದಾಗ ನಮ್ಮ ಮುಂಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು.

"ಯಾರದಾರ್ರೀ ಮನ್ಯಾಗ?"

"ಈಗ ಇಲ್ಲೇ ಇದ್ದರು ಸಾಹೇಬರೇ" ಎಂದಳು ಆಯಿ.

"ಕೀಲಿ ಐತೆಲ್ಲಬೇ. ಮಾಲಕರು ಇಲ್ದ ನಾ ಏನಂತ ಬರಕೊಳ್ಳಿ?"

"ನಾನು ಇಲ್ಲಿ ಇರುವುದು ನಿಮಗೆ ಕಾಣುತ್ತದಲ್ಲ."

"ನನಗ ಕಾಣ್ತೈತಿ ಆಯಿ. ಕಾಗದಕ್ಕ ಕಾಣಂಗಿಲ್ಲ."

ಅವನು ಕೆಟ್ಟವನಲ್ಲ. ಸ್ವಲ್ಪ ಹೊತ್ತು ಕಾದ, ಬೈಕಿನ ಮೇಲೆ ಕುಳಿತು ನೀರು ಕುಡಿದ. ಆಮೇಲೆ ಮನೆಗೆ ಬೀಗ ಇತ್ತು, ವಾಸ ಖಾತ್ರಿಯಾಗಲಿಲ್ಲ ಎಂದು ಬರೆದುಕೊಂಡು ಹೋದ. ಅರ್ಜಿ ತಿರುಗಿ ಬಂತು. ಮಗಳು ಮತ್ತೆ ಕೇಳಿದಾಗ ಚಿಗವ್ವ, "ಕೂಸು ಹಿರೇಕೆರೂರಿಗೆ ಹೋಗಲಿ, ಆಮ್ಯಾಲ ನೋಡೂಣು" ಎಂದಳು. ಕೂಸು ಹೋಗುವ ಮುಂಚೆಯೇ ಆಯಿ ಹೋದಳು.

ತಲಾಟಿ ಬಂದ ದಿನದ ದಿನಚರಿ ನನ್ನ ಮುಂದಿದೆ. "ಸವಣೂರಿಗೆ ಹೋಗಿ ಬಂದೆ. ಎಲೆ, ಖಾರ ತಂದೆ. ವಿಪರೀತ ಸೆಕೆ." ಇಷ್ಟೇ. ನಾನು ಸವಣೂರಿನಲ್ಲಿದ್ದರೆ ತಲಾಟಿಯ ಮಾತು ನನಗೆ ಹೇಗೆ ಗೊತ್ತು? ಯಾರೋ ಹೇಳಿರಬೇಕು. ಆದರೆ ಆ ಮಾತುಗಳನ್ನು ನೆನಸಿಕೊಂಡಾಗಲೆಲ್ಲ ಅವು ಬಾಗಿಲಿನ ಆಚೆ ಕಡೆಯಿಂದ ಬರುತ್ತವೆ. ಫ್ಯಾನು ನಿಂತಿರುತ್ತದೆ. ಬೈಕಿನ ಸ್ಟ್ಯಾಂಡು ತೆಗೆದ ಸದ್ದು ಕಟ್ಟಿಗೆಯ ಹಲಗೆಯ ಮೂಲಕ ಕೇಳುತ್ತದೆ, ಕಾಲಡಿಯ ನೆಲ ತಣ್ಣಗಿರುತ್ತದೆ. ಸವಣೂರಿಗೆ ಮಧ್ಯಾಹ್ನದ ಬಸ್ಸಿಗೂ ಹೋಗಬಹುದಿತ್ತು.

ಮನೆಯೊಳಗಿದ್ದುಕೊಂಡೇ ಇಲ್ಲ ಎನಿಸುವ ಉಪಾಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಬ್ಬರು ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಮನೆ ಸುತ್ತಿ ಹಿತ್ತಲಿಂದ ಒಳಗೆ ಬಂದು ಚಿಲಕ ಹಾಕಿಕೊಂಡರೆ ಆಯಿತು. ಹಿತ್ತಲಿಗೆ ಹೊಸ ಚಿಲಕವಂತೂ ಇತ್ತು.

ಹಾನಗಲ್ಲಿನ ಸಭೆಯಾಗಿ ಒಂದೆರಡು ತಿಂಗಳಿಗೆ ತಡಸದ ಕ್ರಾಸಿನಲ್ಲಿ ಬಸ್ಸಿಗೆ ನಿಂತಾಗ ಆಯಿಯ ಮಗಳು ಸಿಕ್ಕಳು. ಮುಂಡಗೋಡಿನ ಬಸ್ಸಿಗೆ ಕಾಯುತ್ತಿದ್ದಳು. ಕೈಯಲ್ಲಿ ಮೊಣಕಾಲಿನ ಎಣ್ಣೆಯ ಬಾಟಲಿ. ಈಗ ತಿಂಗಳಿಗೆ ಎರಡು ಸಲ ತಾಯಿಯ ಕಡೆ ಹೋಗುವವಳು ಅವಳು. ಅದೂ ಇದೂ ಮಾತಾಡಿದ ಮೇಲೆ ನಾನೇ ಕೇಳಿದೆ.

"ಆ ಸಣ್ಣ ಕೌದಿ ಮೂಲ್ಯಾಗ ಆಯಿ ಏನಿಟ್ಟಿದ್ರು?"

"ರೊಟ್ಟಿ. ಇನ್ನೇನ್ ಇಡ್ತಾರಕ್ಕಾ? ನಿಮ್ಮ ಓಣ್ಯಾಗ ಕೌದಿ ಉಪವಾಸ ಇರಬಾರದು ಅಂತಾರ, ನಮ್ಮ ಹೂವ್ಯಾಕ ಉಪವಾಸ ಇರಬೇಕು ಅಂತ ನಾಕೂ ಹೂವಿಗೆ ಇಟ್ಟಳು. ನಿಮ್ಮ ಚಿಗವ್ವಾರು ನೋಡಿದ್ರ ನಗ್ತಾರ ಅಂತ ತಾನೂ ನಕ್ಕೋಂತ ಹೊಲದಳು."

ಬಸ್ಸು ಬಂತು. ಹತ್ತುವಾಗ ತಿರುಗಿ, "ಯಾಕ ಬಿಚ್ಚಿ ನೋಡಿದ್ರಿ? ಕೇಳಿದ್ರ ಹೇಳ್ತಿದ್ದಳಲ್ಲ" ಎಂದಳು. ಕೋಪದಿಂದ ಅಲ್ಲ.

ಆಮೇಲೆ ನನಗೆ ತೋಚಿದ್ದನ್ನು ಆ ಸಭೆಯವರಿಗೆ ಹೇಳಬೇಕಿತ್ತು. ಕಟ್ಟೆ ಸಾಲದು. ಕಟ್ಟೆಯ ಮೇಲೆ ದಿನವೂ ಕುಳಿತಿದ್ದ ಮುದುಕಿಯನ್ನು ನಲ್ಲಿಗೆ ನೀರು ಬಿಡುವವನು ನೋಡಿದ್ದ, ಅಂಗನವಾಡಿಯವಳು ನೋಡಿದ್ದಳು, ರೇಷನ್ ಅಂಗಡಿಯವನು ನೋಡಿದ್ದ. ತಾಲೂಕು ಕಚೇರಿಗೆ ಅವರ ಮಾತು ಸಾಕಾಗಬೇಕಿತ್ತು. ಅವಳು ಊರಿನಲ್ಲಿದ್ದಾಳೋ ಇಲ್ಲವೋ ಎಂಬುದು ಒಬ್ಬ ಮನೆಯೊಡತಿಯ ಬೀಗದ ಮೇಲೆ ನಿಲ್ಲಬಾರದಿತ್ತು. ಅರ್ಜಿ ತಿರುಗಿ ಬಂದರೆ ಎಲ್ಲಿಗೆ ಹೋಗಿ ಕೇಳಬೇಕೆಂದು ಅವಳ ಮಾತಿನಲ್ಲೇ ಹೇಳುವ ಒಬ್ಬರಾದರೂ ಕಚೇರಿಯಲ್ಲಿ ಇರಬೇಕಿತ್ತು. ಇದೆಲ್ಲ ಸರಿಯೇ. ಆದರೆ ನಾನು ಇಷ್ಟು ಚೆನ್ನಾಗಿ ಕಚೇರಿಯನ್ನು ತಿದ್ದುವಾಗ ನನ್ನ ಮೇಲೆ ನನಗೇ ಸಂಶಯ ಬರುತ್ತದೆ. ಬೀಗವನ್ನು ಕಚೇರಿ ಹಾಕಿರಲಿಲ್ಲ.

ಹೋದ ತಿಂಗಳು ಹಿರೇಕೆರೂರಿಗೆ ಹೋಗಿದ್ದೆ. ಚಿಗವ್ವ ಈಗ ಮಗಳ ಮನೆಯಲ್ಲೇ ಇರುತ್ತಾಳೆ. ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಮೊಮ್ಮಗಳು ಅದೇ ಕೌದಿಯನ್ನು ನೆಲದ ಮೇಲೆ ಎಳೆದಾಡುತ್ತಿದ್ದಳು. ಅಂಚಿನ ಬಣ್ಣ ನೋಡೋಣವೆಂದು ಬಗ್ಗಿದೆ. ಒಗೆದೊಗೆದು ಹಸಿರೂ ಅಲ್ಲ, ನೀಲಿಯೂ ಅಲ್ಲ ಎಂಬಂತಾಗಿತ್ತು.

"ಇದನ್ನ ಚೆಲ್ಲಿಲ್ಲನು ಇನ್ನೂ?" ಎಂದೆ.

"ಚಲೋ ಹೊಲದಾಳ. ಚೆಲ್ಲೂದ್ಯಾಕ?"

ಆಯಿಯ ಮಗಳು ಹೇಳಿದ್ದನ್ನು ಹೇಳಿದೆ. ರೊಟ್ಟಿ ಎಂದಾಗ ಚಿಗವ್ವನ ಕೈ ನಿಂತಿತು. ಬೆರಳ ಸಂದಿಯ ಸಿಪ್ಪೆ ಹಾಗೇ ಇತ್ತು.

"ನಾಕೂ ಮೂಲಿಗೆ ಯಾರರ ಇಡ್ತಾರನು?" ಎಂದಳು. "ಒಂದ ಕಡೆ ಇಡೂದು ಅದು. ಆಕೀಗೆ ಯಾರೂ ಸರಿ ಹೇಳಿಲ್ಲ."

"ನಾವು ಹೇಳಬೇಕಿತ್ತು."

"ಹೂಂ" ಎಂದಳು. ಯಾವುದಕ್ಕೆ ಹೂಂ ಎಂದಳೋ ತಿಳಿಯಲಿಲ್ಲ. ಅವಳ ಹೆಸರಿನ ಮನೆ ಶಿಗ್ಗಾವಿಯಲ್ಲಿ ಇನ್ನೂ ಇದೆ, ಹಿತ್ತಲ ಕೋಣೆ ಖಾಲಿ ಇದೆ, ಸಹಿ ಈಗಲೂ ಹಾಕಬಹುದು ಎಂದೆ. ಅವಳು ಇನ್ನೊಂದು ಹಿಡಿ ಶೇಂಗಾ ಮಡಿಲಿಗೆ ಹಾಕಿಕೊಂಡಳು.

ಆಗ ನಾನು ಕೇಳಲೆಂದೇ ಹೋಗಿದ್ದ ಮಾತನ್ನು ಕೇಳಿದೆ. ಅವಳು ಮಡಿಲಿನ ಸಿಪ್ಪೆ ಕೊಡವಿ ಎದ್ದು, ಚಹಾಕ್ಕೆ ಇಡುತ್ತೇನೆಂದು ಒಳಗೆ ಹೋದಳು. ಚಹಾ ಬಂತು. ಅದಾದ ಮೇಲೆ ನಾಲ್ಕು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಕೂಸಿನ ಹಲ್ಲು, ನನ್ನ ವರ್ಗಾವಣೆ, ಎಲ್ಲ ಮಾತಾಡಿದ್ದೇವೆ. ನಾನು ಕೇಳಿದ್ದು ಇಷ್ಟು:

"ಚಿಗವ್ವಾ, ಅವತ್ತು ಮುಂದಿನ ಬಾಗಲಕ್ಕ ಕೀಲಿ ಹಾಕಿ ಹಿತ್ತಲಿಂದ ಒಳಗ ಬಂದಾಕಿ ನೀನೋ, ನಾನೋ?"